ಹೊಟ್ಟೆಗೆ ಬೇರೆ, ಹಲ್ಲಿಗೆ ಬೇರೆ

ಬೇಟೆನಾಯಿಯ ಕೊರಳಪಟ್ಟಿ ಎಷ್ಟು ಅಗಲವಿರಬೇಕೆಂಬ ವಾದವನ್ನು ಈ ವಾರ ಮುಗಿಸುವೆನೆಂದು ಕಳೆದ ವಾರ ಬರೆದಿದ್ದೆನು. ಆ ವಾದ ಇನ್ನೊಂದು ವಾರ ಕಾದರೆ ಯಾವ ನಾಯಿಗೂ ನಷ್ಟವಿಲ್ಲ. ಆದರೆ ಶಿವಯೋಗ ಮಂದಿರದ ಸಮೀಪದ ಹಳ್ಳಿಯಿಂದ ಓದುಗರೊಬ್ಬರು ಬರೆದಿರುವ ಪತ್ರಕ್ಕೆ ಕಾಯುವ ವ್ಯವಧಾನವಿಲ್ಲ, ಏಕೆಂದರೆ ಅವರ ಮನೆಯ ಮರಿ ದಿನಕ್ಕೆ ಮೂರು ಹೊತ್ತು ಉಣ್ಣುತ್ತಿದೆ. ಪತ್ರದ ಸಾರವಿಷ್ಟು: ಅವರದು ಲಿಂಗವಂತರ ಮನೆ, ಮೊಟ್ಟೆಯೂ ಹೊಸ್ತಿಲು ದಾಟುವುದಿಲ್ಲ, ಮಗನು ಮುಧೋಳದಿಂದ ಮರಿಯೊಂದನ್ನು ತಂದಿದ್ದಾನೆ, ಅಂಗಡಿಯವನು ಮೈಗೂ ಹಲ್ಲಿಗೂ ಇದೊಂದೇ ಸಾಕೆಂದು ಪೊಟ್ಟಣವನ್ನು ಕೈಗಿತ್ತನು, ಮನೆಯ ಹಿರಿಯರು ಖಡಕ್ ರೊಟ್ಟಿ ತಿಂದ ನಾಯಿಯ ಹಲ್ಲು ಎಂದಿಗೂ ಕೆಡದೆಂದರು, ನೆರೆಯವರು ಎಲುಬು ಕಡಿಯದ ನಾಯಿ ನಾಯಿಯೇ ಅಲ್ಲವೆಂದರು. ಮೂವರಲ್ಲಿ ಯಾರ ಮಾತು ದಿಟ?

ಹೊಟ್ಟೆಯ ವಿಷಯದಲ್ಲಿ ಮೂವರ ಮಾತಿನಲ್ಲಿಯೂ ತಕ್ಕಮಟ್ಟಿನ ಸತ್ಯವುಂಟು. ಹಲ್ಲಿನ ವಿಷಯದಲ್ಲಿ ಮೂವರೂ ತಪ್ಪು. ನಾನು ಈ ಅಂಕಣದಲ್ಲಿ ಬಹುಕಾಲದಿಂದ ಹಿಡಿದಿರುವ ಹಟವೂ ಇದೇ ಆಗಿದೆ. ನಾಯಿಯ ದೇಹಪೋಷಣೆ ಆಹಾರದ ಕೆಲಸ, ದಂತರಕ್ಷಣೆ ಯಜಮಾನನ ಕೈಯ ಕೆಲಸ. ಎರಡನ್ನೂ ಒಂದೇ ತಟ್ಟೆಯಲ್ಲಿ ಇಟ್ಟು ಕೈತೊಳೆದುಕೊಳ್ಳುವ ಆಸೆಯಿಂದಲೇ ಈ ಮೂರು ಪಂಥಗಳೂ ಹುಟ್ಟಿವೆ.

ಹಳೆಯ ಓದುಗರು ಬಲ್ಲ ವಿಷಯವಾದುದರಿಂದ ಪೀಠಿಕೆಯನ್ನು ಬೇಗನೆ ದಾಟುವೆನು. ಬೆಳೆದ ನಾಯಿಗೆ 42 ಹಲ್ಲು, ಮೇಲೆ 20, ಕೆಳಗೆ 22, ಮರಿಗೆ 28. ದವಡೆ ಮೇಲೆ ಕೆಳಗೆ ಆಡುವುದಲ್ಲದೆ ದನದಂತೆ ಅಡ್ಡಡ್ಡಲಾಗಿ ಅರೆಯಲಾರದು. ನಾಯಿಯ ಜೊಲ್ಲು ನಮ್ಮದಕ್ಕಿಂತ ಹೆಚ್ಚು ಕ್ಷಾರಗುಣದ್ದು. ಆದುದರಿಂದ ಹುಳುಕು ಹಲ್ಲು ನಾಯಿಯಲ್ಲಿ ಅಪರೂಪ, ಆದರೆ ಆ ಕ್ಷಾರದಿಂದಲೇ ಹಲ್ಲಿನ ಮೇಲಣ ಮೆತ್ತನೆಯ ಪಾಚಿ ಎರಡು ಮೂರು ದಿನಗಳಲ್ಲಿ ಗಟ್ಟಿಗೊಂಡು ಕಿಟ್ಟವಾಗತೊಡಗುತ್ತದೆ. ಕಿಟ್ಟದ ಬುಡದಲ್ಲಿ ವಸಡು ಕೆಂಪಾಗಿ, ಹಲ್ಲನ್ನು ಬಿಟ್ಟು ಸರಿದು, ಕಡೆಗೆ ಹಲ್ಲನ್ನು ಹಿಡಿದಿರುವ ಎಲುಬೇ ಸವೆಯುತ್ತದೆ. ಮೂರು ವರ್ಷ ದಾಟಿದ ನಾಯಿಗಳಲ್ಲಿ ಬಹುಪಾಲಿಗೆ ಈ ವಸಡಿನ ರೋಗ ಒಂದಲ್ಲ ಒಂದು ಮಟ್ಟದಲ್ಲಿ ಇರುತ್ತದೆಂಬುದು ಪಶುವೈದ್ಯರ ಒಮ್ಮತದ ಮಾತು. ನಾಯಿಯ ಬಾಯಿ ನಾರುವುದು ಸಹಜವೆಂದು ತಿಳಿದವರು ರೋಗವನ್ನೇ ಲಕ್ಷಣವೆಂದು ತಿಳಿದವರಾಗಿದ್ದಾರೆ.

ಮೊದಲನೆಯದಾಗಿ ಪೊಟ್ಟಣಪಂಥ. ಇದರ ಮೂಲಪುರುಷನು ಜೇಮ್ಸ್ ಸ್ಪ್ರಾಟ್ ಎಂಬ ಅಮೆರಿಕದ ವ್ಯಾಪಾರಿ. ಸಿಡಿಲುಕಂಬಿಗಳನ್ನು ಮಾರಲು ಲಂಡನ್ನಿಗೆ ಹೋದವನು, ಹಡಗುಕಟ್ಟೆಯಲ್ಲಿ ನಾವಿಕರು ಎಸೆದ ಒಣ ಬಿಸ್ಕತ್ತುಗಳಿಗಾಗಿ ನಾಯಿಗಳು ಮುಗಿಬೀಳುವುದನ್ನು ಕಂಡು, 1860ರ ಸುಮಾರಿಗೆ ಗೋದಿ, ತರಕಾರಿ, ಮಾಂಸಗಳ ಬಿಲ್ಲೆಯನ್ನು ಮಾಡಿ ಮಾರಿದನೆಂದು ಕಥೆ. ಅವನ ಸಂತತಿಯೇ ಇಂದು ಬಾಗಲಕೋಟೆಯ ಅಂಗಡಿಯ ಗೋಡೆಯನ್ನು ತುಂಬಿದೆ. ಒಣಕಾಳು ಹಲ್ಲನ್ನು ಉಜ್ಜುತ್ತದೆಂಬ ಮಾತು ಕೇಳಲು ಯುಕ್ತವಾಗಿಯೇ ಇದೆ. ಆದರೆ ಕಾಳನ್ನು ಕಡಿಯುವ ನಾಯಿಯ ಬಾಯನ್ನು ಹತ್ತಿರದಿಂದ ನೋಡಿದವನಿಗೆ ಆ ಯುಕ್ತಿ ಅಲ್ಲಿಯೇ ಸಡಿಲುತ್ತದೆ. ಹಲ್ಲಿನ ತುದಿ ತಾಗುತ್ತಲೇ ಕಾಳು ಚೂರಾಗುತ್ತದೆ; ಪಾಚಿ ಕಟ್ಟುವುದಾದರೋ ತುದಿಯಲ್ಲಲ್ಲ, ವಸಡಿನ ಅಂಚಿನಲ್ಲಿ. ಹಲ್ಲಿಗೆಂದೇ ಮಾಡಿದ ಕೆಲವು ಆಹಾರಗಳಲ್ಲಿ ಕಾಳು ದೊಡ್ಡದಾಗಿದ್ದು, ಅದರೊಳಗಿನ ನಾರು ಹಲ್ಲು ಬುಡದವರೆಗೆ ಇಳಿಯುವ ತನಕ ಕಾಳನ್ನು ಒಡೆಯಗೊಡುವುದಿಲ್ಲವೆಂಬುದು ನಿಜ. ಅಂತಹವನ್ನು ಪರೀಕ್ಷಿಸಿ ಮುದ್ರೆ ಒತ್ತಲು ಅಮೆರಿಕದ ಪಶುದಂತವೈದ್ಯರು 1997ರಲ್ಲಿ ಒಂದು ಮಂಡಳಿಯನ್ನೂ ಮಾಡಿಕೊಂಡಿದ್ದಾರೆ. ಆದರೆ ಮುದ್ರೆಯುಳ್ಳದ್ದೂ ಕಿಟ್ಟವನ್ನು ಕಡಿಮೆ ಮಾಡುವುದೇ ಹೊರತು ಇಲ್ಲವಾಗಿಸುವುದಿಲ್ಲ. ಮುದ್ರೆಯಿಲ್ಲದ ಪೊಟ್ಟಣದ ಮೇಲೆ ಬಿಳಿಯ ಹಲ್ಲಿನ ನಾಯಿಯ ಚಿತ್ರವಿದ್ದರೆ ಅದು ಚಿತ್ರ, ಅಷ್ಟೆ.

ಎರಡನೆಯದು ಎಲುಬುಪಂಥ. ಇವರೊಡನೆ ನನ್ನ ಜಗಳ ಹಳೆಯದು. ಈ ಅಂಕಣದ ಮೇಲೆ ಇವರು ಸಂಪಾದಕರಿಗೆ ಬರೆದ ದೂರುಗಳೂ ಹಳೆಯವೇ. ತೋಳನ ವಂಶವೆಂಬುದೊಂದೇ ಇವರ ಆಧಾರ. ಕಾಡಿನ ತೋಳನ ಹಲ್ಲುಗಳೂ ಮುರಿಯುತ್ತವೆ, ಮುರಿದ ಹಲ್ಲಿನ ತೋಳನು ವೈದ್ಯನಲ್ಲಿಗೆ ಹೋಗದೆ ಸಾಯುತ್ತಾನೆ ಎಂಬುದನ್ನು ಇವರು ಹೇಳುವುದಿಲ್ಲ. ಬೇಯಿಸಿದ ಎಲುಬು ಸೀಳಿ ಚೂಪಾಗಿ ಕರುಳನ್ನು ಚುಚ್ಚಬಲ್ಲುದು. ಹಸಿಯ ತೊಡೆಯೆಲುಬು ಅಷ್ಟು ಸುಲಭವಾಗಿ ಸೀಳದಿದ್ದರೂ, ಮಾಂಸ ಸೀಳುವುದಕ್ಕೆಂದು ಪ್ರಕೃತಿಯು ಮೇಲಿನ ದವಡೆಯಲ್ಲಿ ಎರಡು ಕಡೆಗೂ ಇಟ್ಟಿರುವ ದೊಡ್ಡ ಹಲ್ಲಿನ ಹೊರಮೈಯನ್ನು ಹೆಂಚಿನಂತೆ ಎಬ್ಬಿಸಿಬಿಡುತ್ತದೆ. ಹಾಗೆ ಎದ್ದ ಹಲ್ಲಿನ ನರ ತೆರೆದುಕೊಂಡರೂ ನಾಯಿ ನರಳುವುದಿಲ್ಲ. ಇನ್ನೊಂದು ಮಗ್ಗುಲಿನಿಂದ ತಿನ್ನುತ್ತದೆ, ತಿಂಗಳು ಕಳೆದ ಮೇಲೆ ಕಣ್ಣಿನ ಕೆಳಗೆ ಬಾವು ಬಂದಾಗ ಮನೆಯವರು ಕಣ್ಣಿನ ಔಷಧಿಯನ್ನು ಹಾಕುತ್ತಾರೆ. ಕಡಿಯಲು ಏನನ್ನು ಕೊಟ್ಟರೂ ಹೆಬ್ಬೆರಳಿನ ಉಗುರು ಅದರಲ್ಲಿ ಸ್ವಲ್ಪವಾದರೂ ಊರಬೇಕು; ಊರದಿದ್ದರೆ ಅದು ಹಲ್ಲಿಗಿಂತ ಗಟ್ಟಿಯೆಂದು ತಿಳಿದು ಎತ್ತಿಡಬೇಕು. ಈ ಒಂದು ಪರೀಕ್ಷೆಯಲ್ಲಿ ಎಲುಬು, ಕೊಂಬು, ಗೊರಸುಗಳೆಲ್ಲ ಸೋಲುತ್ತವೆ.

ಮೂರನೆಯ ಪಂಥವು ನಮ್ಮ ನಾಡಿನದೇ ಆದುದರಿಂದ ಸ್ವಲ್ಪ ನಿಲ್ಲಬೇಕು. ಬನಶಂಕರಿಯ ಗುಡಿಯ ಎದುರಿಗೆ ಸುತ್ತಣ ಹಳ್ಳಿಗಳ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ರೊಟ್ಟಿ, ಜುಣಕ, ಮೊಸರು, ಕೆಂಪು ಚಟ್ನಿಗಳನ್ನು ಹೊತ್ತು ತಂದು ಯಾತ್ರಿಕರಿಗೆ ಉಣಬಡಿಸುವುದನ್ನು ಕಾಣದವರಿಲ್ಲ. ಉಂಡವರ ಎದುರಿಗೆ ನಾಲ್ಕು ಮೊಳ ದೂರದಲ್ಲಿ ಕುಳಿತ ನಾಯಿಗಳನ್ನು ನೋಡಿರಿ. ಖಡಕ್ ರೊಟ್ಟಿಯ ತುಂಡೊಂದು ಬಿದ್ದರೆ ನಾಯಿ ಅದನ್ನು ಮುಂಬಲ್ಲಿನಿಂದ ಹಿಡಿದು, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ದವಡೆಯ ಮೂಲೆಗೆ ದಾಟಿಸುತ್ತದೆ. ಟಕ್ಕೆಂದು ಒಂದು ಸದ್ದು, ಎರಡು ಹೋಳು ನೆಲಕ್ಕೆ, ಉಳಿದದ್ದು ನೇರವಾಗಿ ಗಂಟಲಿಗೆ. ಬಳಿಕ ನೆಲದ ಹೋಳುಗಳನ್ನು ನಾಲಗೆಯಿಂದ ಒರೆಸಿಕೊಂಡು ಅಗಿಯದೆಯೇ ನುಂಗುತ್ತದೆ. ಆ ಒಂದು ಟಕ್ಕಿನಲ್ಲಿ ಹಲ್ಲಿನ ಬುಡಕ್ಕೆ ಏನೂ ತಾಗಲಿಲ್ಲ. ಪೊಟ್ಟಣದ ಕಾಳಿಗೆ ಇಲ್ಲದ ಗುಣ ರೊಟ್ಟಿಗೆ ನಮ್ಮೂರಿನದೆಂಬ ಕಾರಣಕ್ಕೆ ಬರಲಾರದು. ಹಿಟ್ಟು ಮಾತ್ರ ಹಲ್ಲಿನ ಸಂದಿಯಲ್ಲಿ ಅಂಟಿ ಉಳಿಯುತ್ತದೆ.

ಹಲ್ಲಿಗೆ ನಿರುಪಯೋಗಿಯಾದ ಜೋಳವು ಹೊಟ್ಟೆಗೆ ನಿರುಪಯೋಗಿಯಲ್ಲ. ನಾಯಿಗೆ ಧಾನ್ಯವೇ ವಿಷವೆಂದು ಈಚೆಗೆ ನಗರಗಳಲ್ಲಿ ಹಬ್ಬಿರುವ ಮತಕ್ಕೆ 2013ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತಕ್ಕ ಉತ್ತರವನ್ನು ಕೊಟ್ಟರು: ಪಿಷ್ಟವನ್ನು ಕರಗಿಸುವ ಮೇದೋಜೀರಕ ರಸದ ಜೀನು ತೋಳನಲ್ಲಿ ಎರಡೇ ಪ್ರತಿಗಳಲ್ಲಿದ್ದರೆ, ನಾಯಿಯಲ್ಲಿ 4ರಿಂದ 30ರವರೆಗೆ ಇದೆಯೆಂದು ಅವರು ಕಂಡರು. ಮನುಷ್ಯನ ಒಲೆಯ ಪಕ್ಕದಲ್ಲಿ ಸಾವಿರಾರು ವರ್ಷ ಕುಳಿತ ಪ್ರಾಣಿಯ ರಕ್ತದಲ್ಲಿಯೇ ಆ ಒಲೆಯ ಋಣ ಬರೆದುಹೋಗಿದೆ.

ಆದರೆ ಲೆಕ್ಕವನ್ನು ಬಿಡುವಂತಿಲ್ಲ. ಸುಮಾರು 25 ಕಿಲೋ ತೂಗುವ ಮುಧೋಳ ನಾಯಿಗೆ ಸಾಧಾರಣ ಓಡಾಟವಿದ್ದರೆ ದಿನಕ್ಕೆ 1,250 ಕ್ಯಾಲೊರಿಯ ಆಸುಪಾಸು ಬೇಕು. ಅದೆಲ್ಲವನ್ನೂ ರೊಟ್ಟಿಯಿಂದಲೇ ತುಂಬಿಸಹೊರಟರೆ 350 ಗ್ರಾಂ ಹಿಟ್ಟಾಗುತ್ತದೆ. ಜೋಳದಲ್ಲಿ ಪ್ರೋಟೀನು ನೂರಕ್ಕೆ ಹತ್ತರಷ್ಟು ಮಾತ್ರ. ಬೆಳೆದ ನಾಯಿಯ ಆಹಾರದ ಒಣತೂಕದಲ್ಲಿ ನೂರಕ್ಕೆ 18, ಬೆಳೆಯುವ ಮರಿಗೆ 22.5 ಕನಿಷ್ಠವೆಂದು ಅಮೆರಿಕದ ಮಾನಕ ಹೇಳುತ್ತದೆ. ಹೀಗೆ ರೊಟ್ಟಿಯಿಂದ ಹೊಟ್ಟೆ ತುಂಬಿದ ನಾಯಿ ಮಾಂಸಖಂಡದ ಪಾಲಿಗೆ ಅರೆಹೊಟ್ಟೆಯಲ್ಲಿಯೇ ಮಲಗುತ್ತದೆ. 200 ಗ್ರಾಂ ಜೋಳದ ನುಚ್ಚಿಗೆ 100 ಗ್ರಾಂ ಹುರುಳಿಯನ್ನು ಚೆನ್ನಾಗಿ ಬೇಯಿಸಿ ಬೆರೆಸಿ, ಎರಡು ಮೊಟ್ಟೆ, ಕಾಲು ಕಿಲೋ ಮೊಸರನ್ನು ಕೂಡಿಸಿದರೆ 18ರ ಹೊಸ್ತಿಲಿಗೆ ಬಂದು ನಿಲ್ಲುತ್ತದೆ. ಸ್ವಲ್ಪ ಕೋಳಿಮಾಂಸ ಸೇರಿದರೆ ಹೊಸ್ತಿಲು ದಾಟುತ್ತದೆ. ಜೋಳದಲ್ಲಿ ಕೊರತೆಯಾದ ಲೈಸಿನ್ ಎಂಬ ಅಂಶ ಹುರುಳಿ, ತೊಗರಿಗಳಲ್ಲಿ ಧಾರಾಳವಾಗಿದೆ. ನಮ್ಮ ಅಜ್ಜಿಯರು ನುಚ್ಚಿಗೆ ಬೇಳೆಯ ಕಟ್ಟನ್ನು ಸುರಿದದ್ದು ಸುಮ್ಮನೆ ಅಲ್ಲ. ಇಷ್ಟಾದರೂ ಸುಣ್ಣದ ಅಂಶ ಸಾಲದು. ರಂಜಕ ಒಂದು ಪಾಲಿದ್ದರೆ ಸುಣ್ಣವು ಒಂದರಿಂದ ಎರಡು ಪಾಲಿನವರೆಗೆ ಇರಬೇಕು. ಧಾನ್ಯ, ಬೇಳೆ, ಬರಿಯ ಮಾಂಸ ಎಲ್ಲದರಲ್ಲಿಯೂ ರಂಜಕವೇ ಮುಂದು. ಆದುದರಿಂದ ಮನೆಯ ಅಡುಗೆಯನ್ನೇ ಹಾಕುವವರು ಖನಿಜದ ಪುಡಿಯ ಪ್ರಮಾಣವನ್ನು ಪಶುವೈದ್ಯರಿಂದ ಬರೆಸಿಕೊಳ್ಳತಕ್ಕದ್ದು.

ಇನ್ನು ಪತ್ರ ಬರೆದವರ ಮನೆಯ ವಿಶೇಷ. 1909ರಲ್ಲಿ ಹಾನಗಲ್ಲ ಕುಮಾರಸ್ವಾಮಿಗಳು ಮಲಪ್ರಭೆಯ ದಡದಲ್ಲಿ ಸ್ಥಾಪಿಸಿದ ಶಿವಯೋಗ ಮಂದಿರದ ನೆರಳಿನಲ್ಲಿ, ವಟುಗಳು ನಿಯಮದಿಂದ ಉಣ್ಣುವ, ಗೋಶಾಲೆಯ ಸಗಣಿಯಿಂದ ವಿಭೂತಿ ತಯಾರಾಗುವ ಆ ನೆಲದಲ್ಲಿ, ಮನೆಯವರಿಗೆ ನಾಯಿಯ ಸಲುವಾಗಿ ಮಾಂಸವನ್ನು ತರಿಸಿರೆಂದು ಹೇಳುವ ಧಾರ್ಷ್ಟ್ಯ ನನಗಿಲ್ಲ, ಅದರ ಅವಶ್ಯಕತೆಯೂ ಇಲ್ಲ. ಬೆಕ್ಕಿಗೆ ಮಾಂಸವಿಲ್ಲದೆ ಬದುಕಿಲ್ಲ, ನಾಯಿ ಹಾಗಲ್ಲ. ಕ್ಯಾರೆಟ್ಟಿನ ಬಣ್ಣದಿಂದ ಎ ಜೀವಸತ್ವವನ್ನು ಮಾಡಿಕೊಳ್ಳುವ ಶಕ್ತಿ ಅದಕ್ಕುಂಟು. ಹೃದಯಕ್ಕೆ ಬೇಕಾದ ಟಾರಿನ್ನನ್ನು ಸಹ, ಮೂಲಸಾಮಗ್ರಿ ಸಾಕಷ್ಟಿದ್ದರೆ, ತಾನೇ ತಯಾರಿಸಿಕೊಳ್ಳಬಲ್ಲುದು. ಆದರೆ ಡಿ ಜೀವಸತ್ವವನ್ನು ಬಿಸಿಲಿನಿಂದ ನಮ್ಮಷ್ಟು ಪಡೆಯಲಾರದು, ಆಹಾರದಲ್ಲಿಯೇ ಬೇಕು. ಮೊಟ್ಟೆಯೂ ಇಲ್ಲದ ಮನೆಯಲ್ಲಿ ಬೆಳೆಯುವ ಮರಿಯನ್ನು ಅಂದಾಜಿನ ಮೇಲೆ ಸಾಕುವುದು ಅಪಾಯ. ಅಂಥಲ್ಲಿ ಮರಿಗೆ ಪರಿಪೂರ್ಣ ಆಹಾರವೆಂದು ಸ್ಪಷ್ಟವಾಗಿ ಅಚ್ಚಾದ ಶಾಕಾಹಾರಿ ಪೊಟ್ಟಣವನ್ನು ವೈದ್ಯರ ಒಪ್ಪಿಗೆಯಿಂದ ಮುಖ್ಯಾಹಾರವಾಗಿ ಇಟ್ಟುಕೊಂಡು, ಮನೆಯ ಮಜ್ಜಿಗೆ, ನುಚ್ಚನ್ನು ಹತ್ತರಲ್ಲೊಂದು ಪಾಲಿನಷ್ಟು ಮೇಲೋಗರವಾಗಿ ಹಾಕುವುದು ಲೇಸು. ಹೀಗೆ ಪೊಟ್ಟಣವನ್ನು ಹೊಟ್ಟೆಗಾಗಿ ಕೊಳ್ಳಿರಿ, ಹಲ್ಲಿಗಾಗಿ ಕೊಳ್ಳಬೇಡಿರಿ.

ಏನನ್ನು ಹಾಕಬಾರದೆಂಬುದು ಇನ್ನೂ ಮುಖ್ಯ. ಉಳ್ಳಾಗಡ್ಡಿ, ಬೆಳ್ಳುಳ್ಳಿ ಹಸಿಯದಾಗಲಿ ಬೆಂದದ್ದಾಗಲಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬನಶಂಕರಿಯ ಕೆಂಪು ಚಟ್ನಿ ಯಾತ್ರಿಕರಿಗೇ ಇರಲಿ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡಕ್ಕೆ ಕೇಡು. ಅದರ ಟಾರ್ಟಾರಿಕ್ ಆಮ್ಲವೇ ಕಾರಣವಿರಬಹುದೆಂದು ಈಚೆಗೆ ವೈದ್ಯರು ಶಂಕಿಸುತ್ತಿದ್ದಾರೆ, ಅದೇ ಆಮ್ಲ ಹುಣಸೆಯಲ್ಲಿಯೂ ಇರುವುದರಿಂದ ಸಾರನ್ನವನ್ನೂ ದೂರವಿಡುವುದು ಕ್ಷೇಮ. ಅಮೀನಗಡಕ್ಕೆ ಹೋಗಿ ಬಂದವರು ಪ್ರೀತಿಯಿಂದ ಕರದಂಟಿನ ಚೂರನ್ನು ನಾಯಿಯ ಬಾಯಿಗೆ ಎಸೆಯುವುದುಂಟು. ಅಂಟು, ಬೆಲ್ಲ ಹಲ್ಲಿಗೆ ಮೆತ್ತುವುದು ಒಂದು ಕಡೆಯಿರಲಿ, ಅದರಲ್ಲೊಂದು ಒಣದ್ರಾಕ್ಷಿ ಅಡಗಿದ್ದರೆ ಪ್ರೀತಿಯೇ ವಿಷವಾದೀತು.

ಮುಧೋಳದ ನಾಯಿಗೆ ಇನ್ನೊಂದು ಅಪಾಯವುಂಟು, ಅದು ಕರುಣೆ. ಮಾಲೋಜಿರಾವ್ ಘೋರ್ಪಡೆ ಮಹಾರಾಜರು ಬೆಳೆಸಿ ಐದನೆಯ ಜಾರ್ಜ್ ದೊರೆಗೆ ಕಾಣಿಕೆಯಾಗಿತ್ತ, ಇಂದು ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಲ್ಲಿ ತಳಿಶುದ್ಧಿಗಾಗಿ ಸಾಕುತ್ತಿರುವ ಈ ನಾಯಿ ಓಡುವುದಕ್ಕೆಂದೇ ಹುಟ್ಟಿದುದು; ಕಡೆಯ ಒಂದೆರಡು ಪಕ್ಕೆಲುಬು, ಸೊಂಟದ ಎಲುಬಿನ ತುದಿ ಕಾಣುವುದೇ ಅದರ ಆರೋಗ್ಯ. ಬೀದಿಯವರು ಹೊಟ್ಟೆಗೆ ಹಾಕುವುದಿಲ್ಲವೇ ಎಂದು ಕೇಳಿದ್ದಕ್ಕೆ ನಾಚಿ ತುಪ್ಪ ಬಡಿಸಿ ಕೊಬ್ಬಿಸಿದವರನ್ನು ನಾನು ಬಲ್ಲೆನು. ಆ ನಾಯಿಗಳು ಮೊಲವನ್ನಲ್ಲ, ತಮ್ಮ ನೆರಳನ್ನೂ ಅಟ್ಟಲಾರವು.

ಉಣಿಸಿನ ಮಾತು ಬಂದಾಗಲೆಲ್ಲ ನನ್ನ ಮನಸ್ಸು ಮಹಾಭಾರತದ ಆದಿಪರ್ವಕ್ಕೆ ಹರಿಯುತ್ತದೆ. ಜನಮೇಜಯನು ತಮ್ಮಂದಿರೊಡನೆ ಕುರುಕ್ಷೇತ್ರದಲ್ಲಿ ದೀರ್ಘಸತ್ರದಲ್ಲಿ ಕುಳಿತಿದ್ದಾಗ ದೇವಲೋಕದ ಹೆಣ್ಣುನಾಯಿ ಸರಮೆಯ ಮರಿ ಅತ್ತ ಸುಳಿಯಿತು. ಶ್ರುತಸೇನ, ಉಗ್ರಸೇನ, ಭೀಮಸೇನರು ಅದನ್ನು ಬಡಿದರು. ಅಳುತ್ತ ಬಂದ ಮರಿಯನ್ನು ತಾಯಿ ಮೊದಲು ಸಂತೈಸಲಿಲ್ಲ. ನೀನೇನೋ ತಪ್ಪು ಮಾಡಿರಬೇಕೆಂದಳು. ಹವಿಸ್ಸನ್ನು ನೆಕ್ಕಲಿಲ್ಲ, ಅತ್ತ ನೋಡಲೂ ಇಲ್ಲ ಎಂದಿತು ಮರಿ. ಆಗ ಸರಮೆ ನೇರವಾಗಿ ಯಜ್ಞಶಾಲೆಗೆ ನಡೆದು, ನಿರಪರಾಧಿಯನ್ನು ಹೊಡೆದ ನಿಮಗೆ ಕಾಣದ ಕಡೆಯಿಂದ ಭಯ ಬರಲಿ ಎಂದು ಶಪಿಸಿದಳು. ರಾಜನು ತಳಮಳಗೊಂಡು ಶಾಪಶಾಂತಿಗಾಗಿ ಪುರೋಹಿತನನ್ನು ಅರಸುತ್ತ ಹೊರಟನು. ಒಂದು ಮರಿಯ ಬಾಯಿಯ ವಿಚಾರಣೆ ಅಷ್ಟು ದೊಡ್ಡ ಇತಿಹಾಸದ ಹೊಸ್ತಿಲಲ್ಲಿಯೇ ನಡೆಯಿತು. ಏನನ್ನು ಮುಟ್ಟಿತೆಂದು ಹೊರಗಿನಿಂದ ಊಹಿಸಿದವರೇ ಎಲ್ಲರೂ, ವಿಚಾರಿಸಿದವಳು ತಾಯಿ ಒಬ್ಬಳೇ.

ಇದಕ್ಕೆ ಪ್ರತಿಯಾಗಿ ಕನ್ನಡ ನಾಡು ಕೆತ್ತಿಟ್ಟಿರುವುದು ಆತಕೂರಿನ ಕಲ್ಲು. ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲೆರನಿಗೆ ಗಂಗ ಬೂತುಗನು ಮೆಚ್ಚಿ ವರವನ್ನು ಕೇಳೆಂದಾಗ, ಆತನು ಕೇಳಿದುದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಮುಂದೆ ಬೆಳತೂರಿನ ಬೆಟ್ಟದಲ್ಲಿ ದೊಡ್ಡ ಹಂದಿಯೊಡನೆ ಸೆಣಸಿ, ಎರಡೂ ಒಟ್ಟಿಗೆ ಮಡಿದವು. ಅದಕ್ಕಾಗಿ ಕಲ್ಲು ನಿಂತಿತು, ಭೂಮಿ ದತ್ತಿಯಾಯಿತು. ಆ ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ ಪಾಪವೆಂದೂ ಬರೆಯಲಾಯಿತು. ಹತ್ತನೆಯ ಶತಮಾನದ ನಡುವಿನ ಈ ಶಾಸನ ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅಲ್ಲಿ ನಾಯಿಯನ್ನು ಊಟದ ಕಾರಣಕ್ಕೆ ಬಡಿದರು. ಇಲ್ಲಿ ನಾಯಿಯನ್ನು ನೆನೆಯದವನಿಗೆ ಊಟವೇ ಸಲ್ಲದೆಂದರು. ಹಂದಿಯ ತೊಗಲನ್ನು ಕಚ್ಚಿ ಹಿಡಿದ ಆ ಕಾಳಿಯ ಹಲ್ಲು ಎಂತಹವಾಗಿದ್ದಿರಬೇಕೆಂದು ಕಲ್ಲಿನ ಮುಂದೆ ನಿಂತಾಗ ಯೋಚಿಸದಿರುವುದು ನನ್ನಿಂದಾಗದು. ಬೇಟೆಯನ್ನು ಹಿಡಿಯುವಾಗ ನಾಯಿಯ ಬಾಯಿ ಶುಚಿಯೆಂದು ಸ್ಮೃತಿಕಾರರೇ ಒಪ್ಪಿದ್ದಾರೆ. ಬೇಟೆ ನಿಂತುಹೋದ ಈ ಕಾಲದಲ್ಲಿ ಆ ಶುಚಿತ್ವದ ಹೊಣೆ ನಮ್ಮ ಮೇಲೆ ಬಿದ್ದಿದೆ.

ಆ ಹೊಣೆಯ ವಿಧಾನ ಸರಳ. ಬಾಯನ್ನು ಅಗಲಿಸುವ ಸಾಹಸವೇ ಬೇಡ. ತುಟಿಯನ್ನು ಎತ್ತಿದರೆ ಸಾಕು. ಮೇಲಿನ ಹಿಂದಲ್ಲುಗಳ ಹೊರಮೈಯಲ್ಲಿ, ಜೊಲ್ಲಿನ ನಾಳ ತೆರೆಯುವ ಜಾಗದಲ್ಲಿ, ಕಿಟ್ಟ ಎಲ್ಲಕ್ಕಿಂತ ಹೆಚ್ಚು. ಒಳಮೈಯನ್ನು ನಾಲಗೆಯೇ ತಕ್ಕಮಟ್ಟಿಗೆ ನೋಡಿಕೊಳ್ಳುತ್ತದೆ. ಮರಿಯ ಹಾಲುಹಲ್ಲು ಉದುರುವ ನಾಲ್ಕರಿಂದ ಏಳನೆಯ ತಿಂಗಳವರೆಗೆ ಒದ್ದೆ ಬಟ್ಟೆಯನ್ನು ಬೆರಳಿಗೆ ಸುತ್ತಿ ವಸಡಿನ ಮೇಲೆ ಮೆಲ್ಲನೆ ಆಡಿಸಿದರೆ ಅಭ್ಯಾಸವಾಗುತ್ತದೆ. ಬಳಿಕ ಮೆತ್ತನೆಯ ಬ್ರಷ್ಷು, ನಾಯಿಗೆಂದೇ ಮಾಡಿದ ಪೇಸ್ಟು. ನಮ್ಮ ಪೇಸ್ಟಿನಲ್ಲಿ ನುಂಗಬಾರದ ಫ್ಲೋರೈಡೂ, ಕೆಲವದರಲ್ಲಿ ನಾಯಿಗೆ ಪ್ರಾಣಾಂತಕವಾದ ಜೈಲಿಟಾಲ್ ಎಂಬ ಸಿಹಿಯೂ ಇರುತ್ತವೆ. ದಿನವೂ ಉಜ್ಜುವುದು ಉತ್ತಮ, ದಿನಬಿಟ್ಟು ದಿನ ಮಧ್ಯಮ, ವಾರಕ್ಕೊಮ್ಮೆ ಕೇವಲ ಸಮಾಧಾನ. ಕುಳ್ಳಿನ ಬೂದಿಯಿಂದ ಉಜ್ಜಬಹುದೇ ಎಂದು ಕೇಳುವವರಿದ್ದಾರೆ. ಬೂದಿ ಹಲ್ಲಿನ ಹೊಳಪನ್ನು ಸವೆಸುತ್ತದೆ, ವಿಭೂತಿಯ ಸ್ಥಾನ ಹಣೆ. ಒಮ್ಮೆ ಗಟ್ಟಿಯಾದ ಕಿಟ್ಟ ಯಾವ ಬ್ರಷ್ಷಿಗೂ ಬಗ್ಗದು. ಅದನ್ನು ಪಶುವೈದ್ಯರು ಅರಿವಳಿಕೆ ಕೊಟ್ಟು ವಸಡಿನ ಕೆಳಗಿನಿಂದ ತೆಗೆಯಬೇಕು. ಅರಿವಳಿಕೆಯಿಲ್ಲದೆ ಹೊರಗಿನದನ್ನು ಕೆರೆದು ಬೆಳ್ಳಗೆ ಮಾಡಿಕೊಡುವವರು ಕಣ್ಣಿಗೆ ಕಾಣುವುದನ್ನು ತೆಗೆದು ಕೇಡನ್ನು ಒಳಗೇ ಬಿಡುತ್ತಾರೆ.

ಇಷ್ಟೆಲ್ಲ ಓದಿದ ಮೇಲೆ, ನಾಯಿಯ ಬಾಯಿ ನೋಡುವುದು ಪಟ್ಟಣಿಗರ ಚಾಳಿಯೆಂದು ಬಾದಾಮಿ, ಹುನಗುಂದದ ಕಡೆಯ ಯಾರಾದರೂ ಹೇಳಿದರೆ ನಾನು ಒಪ್ಪುವವನಲ್ಲ. ದನದ ಸಂತೆಯಲ್ಲಿ ಹೋರಿಯ ತುಟಿಯನ್ನು ಎರಡು ಬೆರಳಿನಿಂದ ಎತ್ತಿ, ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿತೋ ಎಂದು ನೋಡದೆ ಒಂದು ರೂಪಾಯಿಯನ್ನೂ ಬಿಚ್ಚದ ಒಕ್ಕಲಿಗರ ಸೀಮೆ ಅದು. ಬಾಯಿ ನೋಡುವ ವಿದ್ಯೆಯಲ್ಲಿ ಅವರಿಗೆ ನನ್ನಂತಹ ಅಂಕಣಕಾರನು ಹೇಳಿಕೊಡತಕ್ಕದ್ದೇನೂ ಇಲ್ಲ. ಕೊಳ್ಳುವ ದಿನ ಹೋರಿಗೆ ಮಾಡುವುದನ್ನು ಸಾಕುವ ದಿನ ನಾಯಿಗೂ ಮಾಡಿದರಾಯಿತು.